ಗಡಿಗೆಯ ಕೆಳಗಿನ 127 ಹಲ್ಲು

ಹಳೆಯ ಲೇಥನ್ನು ಕೊಳ್ಳೋಕೆ ಬಂದವನು ಅದನ್ನು ನೋಡುವ ರೀತಿಯೇ ಬೇರೆ. ಮೊದಲು ಸುಮ್ಮನೆ ಒಂದು ಸುತ್ತು ಹಾಕ್ತಾನೆ. ಆಮೇಲೆ ಹೆಬ್ಬೆರಳಿನಿಂದ ಗ್ರೀಸು ಒರೆಸಿ ಏನನ್ನೋ ಹುಡುಕ್ತಾನೆ. ಕೊನೆಗೆ ತಲೆ ಅಲ್ಲಾಡಿಸಿ ಒಂದೊಂದೇ ದೋಷ ಹೇಳೋಕೆ ಶುರು ಮಾಡ್ತಾನೆ. ಒಂದೊಂದು ದೋಷಕ್ಕೂ ಒಂದಿಷ್ಟು ಸಾವಿರ ಇಳಿಯುತ್ತೆ. ಶಿಗ್ಗಾಂವಿಯ ಒಂದು ಸಣ್ಣ ಲೇಥ್ ಅಂಗಡಿಗೆ ಹೀಗೆ ಬಂದವನು ನಾಲ್ಕು ದೋಷ ಹೇಳಿ, ಇದು ಮಷೀನಿನ ರೇಟಿಗೆ ಹೋಗಲ್ಲ, ಗುಜರಿ ರೇಟಿಗೆ ಕೆಜಿ ಲೆಕ್ಕದಲ್ಲಿ ಬೇಕಾದ್ರೆ ಒಯ್ತೀನಿ ಅಂದನಂತೆ.

ಅಂಗಡಿ ನನ್ನ ಜೊತೆ ಓದಿದವನ ತಮ್ಮನದು. ಅಪ್ಪ ಇರೋವರೆಗೂ ಲೇಥ್ ಅಪ್ಪನದೇ ಆಗಿತ್ತು, ಇವನದು ವೆಲ್ಡಿಂಗು. ಅಪ್ಪ ಹೋದ ಮೇಲೆ ಅದು ಅಂಗಡಿಯ ಅರ್ಧ ಜಾಗ ಹಿಡಿದುಕೊಂಡು ಕೂತಿದೆ. ಫೋನಿನಲ್ಲಿ ಅವನು ಹೇಳಿದ್ದು ಇಷ್ಟು: "ಅಣ್ಣಾ, ಬೆಡ್ಡು ಒಡದೈತಂತ, ಜೋಡಿಸಿದ್ದು ಕಾಣ್ತೈತಿ ಅಂತಾನ. ಪುಲ್ಲಿ ಸವದು ಗುಂಡಗಾಗ್ಯಾವಂತ. ಸ್ಯಾಡಲ್ ಮ್ಯಾಲೆ ಯಾರೋ ಗಾಡಿ ಕೊರದಾರಂತ. ಗೇರಿನ ಸೆಟ್ ಪೂರಾ ಇಲ್ಲಂತ. ಖರೇನ ಇವೆಲ್ಲಾ ಕೆಟ್ಟಾವೇನ? ಕೆಟ್ಟಿದ್ರ ಕೊಟ್ಟಬಿಡ್ತೇನಿ." ಅವನು ಹೇಳಿದ 'ಗಾಡಿ' ಅಂದ್ರೆ ಉದ್ದನೆಯ ತೋಡು. ನನಗೆ ಸಿಎನ್‌ಸಿ ಯಂತ್ರಗಳ ಜೊತೆ ಕೆಲಸ. ನಮ್ಮ ಯಂತ್ರಗಳಲ್ಲಿ ಹೀಗೆ ವಿವರಿಸಬೇಕಾದ ಭಾಗಗಳೇ ಇರಲ್ಲ, ಎಲ್ಲವೂ ಮುಚ್ಚಿದ ಪೆಟ್ಟಿಗೆಯೊಳಗೆ. ಎರಡು ದಿನ ರಜೆ ಹಾಕಿ ಹೋದೆ.

ಲೇಥ್ ಹತ್ತಿರದಿಂದ ನೋಡದವರಿಗೆ ಎರಡು ಮಾತು. ಕುಂಬಾರನ ತಿಗರಿಯನ್ನು ಅಡ್ಡ ಮಲಗಿಸಿದ ಹಾಗೆ ಅಂದ್ಕೊಳ್ಳಿ. ಎಡಗಡೆ ತಲೆಯಲ್ಲಿ ಚಕ್ಕು ಕಬ್ಬಿಣವನ್ನು ಕಚ್ಚಿ ಹಿಡಿದು ತಿರುಗಿಸುತ್ತೆ. ಕೆಳಗೆ ಉದ್ದಕ್ಕೂ ಹಳಿಯಂಥ ಬೆಡ್ಡು. ಅದರ ಮೇಲೆ ಸ್ಯಾಡಲ್ ಅನ್ನೋ ಗಾಡಿ ಅತ್ತಿತ್ತ ಓಡಾಡುತ್ತೆ, ಅದರ ಬೆನ್ನ ಮೇಲೆ ಕೊರೆಯುವ ಟೂಲು. ಮುಂದುಗಡೆ ಬೆಡ್ಡಿನುದ್ದಕ್ಕೂ ಒಂದು ದಪ್ಪ ತಿರುಪು, ಅದೇ ಲೀಡ್‌ಸ್ಕ್ರೂ. ಚಕ್ಕು ಒಂದು ಸುತ್ತು ತಿರುಗಿದಾಗ ಟೂಲು ಎಷ್ಟು ಮುಂದೆ ಹೋಗಬೇಕು ಅನ್ನೋದನ್ನು ಈ ತಿರುಪು ಮತ್ತು ಎಡತುದಿಯ ಗೇರುಗಳು ಸೇರಿ ತೀರ್ಮಾನಿಸ್ತವೆ. ಸುಮಾರು 1800ರಲ್ಲಿ ಲಂಡನ್ನಿನ ಹೆನ್ರಿ ಮಾಡ್‌ಸ್ಲೆ ಈ ವ್ಯವಸ್ಥೆಯನ್ನು ಪಕ್ಕಾ ಮಾಡಿದ ಮೇಲೆ ಮೂಲಲೆಕ್ಕ ಹೆಚ್ಚೇನೂ ಬದಲಾಗಿಲ್ಲ.

ಮೊದಲ ದೋಷ, ಒಡೆದ ಬೆಡ್ಡು. ಚಕ್ಕಿನ ಬುಡದ ಹತ್ತಿರ ಬೆಡ್ಡಿಗೆ ಅಡ್ಡಲಾಗಿ ಕೂದಲೆಳೆಯಂಥ ಎರಡು ಗೆರೆ, ನಡುವೆ ಒಂದು ಗೇಣಿನಷ್ಟು ಅಂತರ. ಪಕ್ಕದಲ್ಲಿ ಬೋಲ್ಟುಗಳ ತಲೆ. ನೋಡಿದವರಿಗೆ ತೇಪೆ ಅನ್ನಿಸೋದು ಸಹಜ. ಆದ್ರೆ ಎರಕದ ಕಬ್ಬಿಣ ಒಡೆದರೆ ಹಪ್ಪಳ ಮುರಿದ ಹಾಗೆ ಅಂಕುಡೊಂಕಾಗಿ ಒಡೆಯುತ್ತೆ. ಇಲ್ಲಿ ಎರಡೂ ಗೆರೆ ಸ್ಕೇಲು ಇಟ್ಟು ಎಳೆದ ಹಾಗಿವೆ. ಅಂದ್ರೆ ಇದು ತುಂಡಾದದ್ದಲ್ಲ, ತುಂಡಾಗಿಯೇ ಮಾಡಿದ್ದು.

ಅದನ್ನು ಅವನಿಗೆ ಬಾಯಿಮಾತಲ್ಲಿ ಹೇಳಿದ್ರೆ ನಂಬೋ ಹಾಗಿರಲಿಲ್ಲ. ಬೈಕ್ ಹತ್ತಿ ಇಬ್ಬರೂ ಹಾನಗಲ್ಲಿಗೆ ಹೋದ್ವಿ. ಹಾನಗಲ್ ಭತ್ತದ ಸೀಮೆ, ಮಲೆನಾಡಿನ ಸೆರಗು. ಅಕ್ಕಿ ಗಿರಣಿಗಳ ಕೆಲಸ ಮಾಡುವ ಒಂದು ಹಳೆಯ ವರ್ಕ್‌ಶಾಪಿನಲ್ಲಿ ಇಂಥದೇ ಲೇಥ್ ಇತ್ತು. ಅದರ ಬೆಡ್ಡಿನಲ್ಲಿ ಆ ಗೇಣುದ್ದದ ತುಂಡೇ ಇಲ್ಲ, ಅಲ್ಲಿ ಹಳ್ಳ. ಆ ಹಳ್ಳದೊಳಗೆ ಅರ್ಧ ಇಳಿದು ಗಿರಣಿಯ ಒಂದು ದೊಡ್ಡ ಪುಲ್ಲಿ ತಿರುಗ್ತಾ ಇತ್ತು. ಹಳ್ಳ ಇಲ್ಲದಿದ್ರೆ ಅಷ್ಟು ಅಗಲದ ಚಕ್ರ ಬೆಡ್ಡಿಗೆ ಬಡಿಯುತ್ತೆ. ಇದಕ್ಕೆ ಗ್ಯಾಪ್ ಬೆಡ್ ಅಂತಾರೆ. ಅಮೆರಿಕದ ಲೇಥುಗಳಲ್ಲಿ ಇದು ಕಡಿಮೆ, ಇಂಗ್ಲೆಂಡಿನವರಿಗೂ ಅವರನ್ನು ನೋಡಿ ಕಲಿತವರಿಗೂ ಬಹಳ ಇಷ್ಟ. ನನಗನ್ನಿಸೋದು, ನಮ್ಮಂಥ ಊರುಗಳಿಗೆ ಇದಕ್ಕಿಂತ ಒಳ್ಳೆ ಉಪಾಯ ಇರಲಿಲ್ಲ. ಊರಿಗೊಂದೇ ಲೇಥ್ ಇದ್ದಾಗ ಅದೇ ಸಣ್ಣ ಪಿನ್ನನ್ನೂ ಮಾಡಬೇಕು, ಗಿರಣಿಯ ಚಕ್ರವನ್ನೂ ತಿರುವಬೇಕು. "ತುಂಡು ಎಲ್ಲೈತ್ರಿ?" ಅಂತ ಇವನು ಕೇಳಿದ. ಅಲ್ಲಿಯ ಹಿರಿಯ ಟರ್ನರ್ ಬೆಂಚಿನ ಕೆಳಗಿಂದ ಎಣ್ಣೆಬಟ್ಟೆ ಸುತ್ತಿದ ಗಂಟು ಎಳೆದು ತೋರಿಸಿದರು. "ಒಮ್ಮೆ ತಗದ್ರ ತಿರುಗಿ ಮೊದಲಿನಂಗ ಕೂಡ್ರಂಗಿಲ್ಲ ತಮ್ಮಾ. ನಿಮ್ಮಪ್ಪ ತಗದಿಲ್ಲ ಅಂದ್ರ ಶಾಣ್ಯಾ ಇದ್ದಾನ."

ಹಾನಗಲ್ಲಿಗೆ ಹೋಗಿ ತಾರಕೇಶ್ವರ ಗುಡಿ ನೋಡದೆ ಬರೋದು ಹೇಗೆ? ಕಮಲದ ಛತ್ತನ್ನು ಎಲ್ಲರೂ ಕತ್ತೆತ್ತಿ ನೋಡ್ತಾರೆ. ನಾನು ಆವತ್ತು ಕಂಬ ನೋಡ್ತಾ ನಿಂತೆ. ಕಲ್ಯಾಣ ಚಾಲುಕ್ಯರ ಕಾಲದ ಈ ಸೀಮೆಯ ಗುಡಿಗಳಲ್ಲಿ ಬಳಪದ ಕಲ್ಲಿನ ಕಂಬಗಳನ್ನು ತಿರುಗಿಸಿಯೇ ಕಡೆದಿದ್ದಾರೆ. ಕಂಬದ ಬುಡ ಚೌಕ, ಅದನ್ನು ಉಳಿಯಿಂದ ಕೆತ್ತಿದ್ದು. ಅದರ ಮೇಲೆ ಗಂಟೆಯಾಕಾರ, ತೆಳ್ಳನೆಯ ಬಳೆಗಳು, ಚಾಕುವಿನ ಅಂಚಿನಂಥ ಏಣು. ಇವು ಸುತ್ತಲೂ ಒಂದೇ ಸಮ ಇರೋದು ತಿರುಗುವ ಕಲ್ಲಿಗೆ ಹತಾರ ಹಿಡಿದಾಗ ಮಾತ್ರ. ಶಿಗ್ಗಾಂವಿ ತಾಲೂಕಿನಲ್ಲೇ ಇರೋ ಬಂಕಾಪುರದ ಕೋಟೆಯೊಳಗಿನ ನಗರೇಶ್ವರ ಗುಡಿಗೆ ಜನ ಅರವತ್ತು ಕಂಬದ ಗುಡಿ ಅಂತಾನೇ ಕರೀತಾರೆ, ಅಲ್ಲಿಯೂ ಇದೇ ಕಥೆ. ಕಡೆದ ಯಂತ್ರ ಉಳಿದಿಲ್ಲ, ಅದರ ಹತಾರ ಓಡಾಡಿದ ಗುರುತು ಕಲ್ಲಿನ ಮೇಲೆ ಉಳಿದಿದೆ. ಶಿಗ್ಗಾಂವಿಯ ಲೇಥಿನದು ಇದಕ್ಕೆ ತಿರುವುಮುರುವು. ಯಂತ್ರ ಇದೆ, ಅದು ಮಾಡಿದ್ದೆಲ್ಲ ಎಲ್ಲೆಲ್ಲೋ ಹೊಲದ ಪಂಪುಗಳಲ್ಲಿ ಚದುರಿಹೋಗಿದೆ.

ಎರಡನೆಯದು ಪುಲ್ಲಿ. ಲೇಥಿನ ತಲೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿರೋ ಅಗಲ ಪುಲ್ಲಿಗಳು. ಒಂದೊಂದು ಮೆಟ್ಟಿಲೂ ಸಪಾಟಾಗಿಲ್ಲ, ನಡುವೆ ಕೊಂಚ ಉಬ್ಬಿದೆ. ಸವೆದದ್ದಾಗಿದ್ರೆ ಪಟ್ಟಾ ಓಡುವ ನಡುಭಾಗ ತಗ್ಗಬೇಕಿತ್ತು. ಇಲ್ಲಿ ಅದೇ ಎತ್ತರವಾಗಿದೆ! ಇದಕ್ಕೆ ಉತ್ತರ ಸಿಕ್ಕಿದ್ದು ಹಿರೇಕೆರೂರಿನ ಒಂದು ಹಳೆಯ ಹಿಟ್ಟಿನ ಗಿರಣಿಯಲ್ಲಿ. ಚಪ್ಪಟೆ ಪಟ್ಟಾಕ್ಕೆ ಒಂದು ವಿಚಿತ್ರ ಗುಣ ಇದೆ. ಅದು ತಿರುಗುವಾಗ ಪುಲ್ಲಿಯ ಅತಿ ಎತ್ತರದ ಜಾಗಕ್ಕೆ ತಾನಾಗಿಯೇ ಏರುತ್ತೆ. ನಡುವೆ ಉಬ್ಬು ಕೊಟ್ಟರೆ ಪಟ್ಟಾ ನಡುವಿಗೇ ಬಂದು ನಿಲ್ಲುತ್ತೆ, ಅಂಚಿನಲ್ಲಿ ತಡೆಗೋಡೆಯೇ ಬೇಡ. ಗಿರಣಿಯವರು ಪಟ್ಟಾವನ್ನು ಕೋಲಿನಿಂದ ಒಂದು ಕಡೆ ಒತ್ತಿ ತೋರಿಸಿದರು. ಕೋಲು ತೆಗೆದ ಕೂಡಲೇ ಅದು ಸರಕ್ಕನೆ ನಡುವಿಗೆ ಬಂತು. ನಮ್ಮ ಹುಡುಗ ಮೂರು ಸಲ ಕೋಲು ಇಸ್ಕೊಂಡು ನೋಡಿದ.

ಆ ಗಿರಣಿಯ ತೊಲೆಗಳ ಕೆಳಗೆ ಈಗಲೂ ಒಂದು ಉದ್ದನೆಯ ಶಾಫ್ಟ್ ಜೋತುಬಿದ್ದಿದೆ. ಮನೆಮನೆಗೆ ಕರೆಂಟು ಬರೋಕೆ ಮುಂಚೆ, ಯಂತ್ರಕ್ಕೊಂದು ಮೋಟಾರು ಅನ್ನೋ ಕಲ್ಪನೆಗೂ ಮುಂಚೆ, ಒಂದೇ ಆಯಿಲ್ ಎಂಜಿನ್ ಈ ಶಾಫ್ಟನ್ನು ತಿರುಗಿಸ್ತಿತ್ತು. ಅದರಿಂದ ಪಟ್ಟಾಗಳು ಇಳಿದು ಬೀಸುವ ಕಲ್ಲು, ಡ್ರಿಲ್ಲು, ಲೇಥು ಎಲ್ಲವನ್ನೂ ನಡೆಸ್ತಿದ್ದವು. ಲೇಥಿನ ವೇಗ ಬದಲಿಸೋಕೆ ಪಟ್ಟಾವನ್ನು ಒಂದು ಮೆಟ್ಟಿಲಿಂದ ಇನ್ನೊಂದಕ್ಕೆ ಎಗರಿಸಬೇಕು. ಶಿಗ್ಗಾಂವಿಯ ಲೇಥಿಗೆ ಆಮೇಲೆ ಯಾರೋ ಮೋಟಾರು ಕೂಡಿಸಿದ್ದಾರೆ. ಮೆಟ್ಟಿಲುಗಳು ಮಾತ್ರ ಹಾಗೇ ಇವೆ.

ಸ್ಯಾಡಲ್ ಮೇಲಿನ ತೋಡುಗಳ ವಿಷಯ ಬೇಗ ಮುಗೀತು. ಮೇಲೆ ಕಿರಿದು, ಒಳಗೆ ಅಗಲ, ಇಂಗ್ಲಿಷಿನ ಟಿ ಅಕ್ಷರ ತಲೆಕೆಳಗಾದ ಹಾಗಿನ ತೋಡು. ಯಾರೋ ಸುಮ್ಮನೆ ಕೊರೆದದ್ದಾದ್ರೆ ಒಳಗೆ ಅಗಲ ಮಾಡೋ ಕಷ್ಟ ಯಾಕೆ ತಗೋತಾರೆ? ಬೋಲ್ಟಿನ ತಲೆ ಒಳಗೆ ಸಿಕ್ಕಿಕೊಂಡು ಮೇಲಿನ ವಸ್ತುವನ್ನು ಬಿಗಿದು ಹಿಡಿಯಲಿ ಅಂತ. ಸವಣೂರಿನ ಒಂದು ಅಂಗಡಿಯಲ್ಲಿ ಇದನ್ನು ಬಳಸೋದನ್ನು ಕಣ್ಣಾರೆ ಕಂಡ್ವಿ. ಪಂಪಿನ ಭಾರದ ಮೈಯನ್ನು ಚಕ್ಕಿಗೆ ಕಚ್ಚಿಸೋಕೆ ಆಗಲ್ಲ. ಅದನ್ನು ಸ್ಯಾಡಲ್ ಮೇಲೆ ಬಿಗಿದು, ಟೂಲನ್ನು ಒಂದು ಸರಳಿಗೆ ಸಿಕ್ಕಿಸಿ, ಆ ಸರಳನ್ನು ತಿರುಗಿಸಿದರು. ಎಂದಿನ ಲೆಕ್ಕ ಉಲ್ಟಾ. ಇಲ್ಲಿ ತಿರುಗೋದು ಟೂಲು, ನಡೆಯೋದು ಕೆಲಸದ ವಸ್ತು. ಎಂಜಿನ್ನಿನ ಸಿಲಿಂಡರು, ಪಂಪಿನ ಬೇರಿಂಗ್ ಕೂರುವ ತೂತು, ಎಲ್ಲವನ್ನೂ ಹೀಗೆ ಕೊರೀಬಹುದು. ಕೆಲಸ ಮುಗಿಯೋವರೆಗೆ ಸವಣೂರಿನ ಖಾರ ತಿಂದು ಚಹಾ ಕುಡಿದ್ವಿ.

ಈ ಮೂರೂ ಸೇರಿದಾಗ ಯಂತ್ರದ ಹುಟ್ಟು ಎಂಥಾ ಜಗತ್ತಿನಲ್ಲಿ ಆಯ್ತು ಅನ್ನೋದು ತಿಳಿಯುತ್ತೆ. ತಲೆಯ ಮೇಲಿದ್ದ ಹೆಸರಿನ ಪಟ್ಟಿಗೆ ನಾಲ್ಕಾರು ಪದರ ಬಣ್ಣ ಬಳಿದಿದ್ರು. ಬ್ಲೇಡಿನಿಂದ ಕೆರೆದಾಗ ಓದೋಕೆ ಬಂದದ್ದು ಒಂದೇ ಪದ, ಹರಿಹರ. ಲೇಥಿನ ಮೇಲೆ ಹರಿಹರ ಅಂತಿದ್ರೆ ಅದು ಮೈಸೂರು ಕಿರ್ಲೋಸ್ಕರ್. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರ್ 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಹಾಕಿದವರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. 1910ರಲ್ಲಿ ಔಂಧ್ ಸಂಸ್ಥಾನದ ಬಯಲಿಗೆ ಹೋಗಿ ಕಿರ್ಲೋಸ್ಕರವಾಡಿ ಕಟ್ಟಿದರು. ಹರಿಹರದ ಕಾರ್ಖಾನೆ ಶುರುವಾದದ್ದು 1941ರಲ್ಲಿ, ಎರಡನೇ ಮಹಾಯುದ್ಧದ ನಡುವೆ. ಇಂಗ್ಲೆಂಡಿನ ಕಾರ್ಖಾನೆಗಳೆಲ್ಲ ಯುದ್ಧದ ಕೆಲಸಕ್ಕೆ ತಿರುಗಿದ್ದವು, ಅಲ್ಲಿಂದ ಯಂತ್ರ ತರಿಸೋದು ಕಷ್ಟವಾಗಿತ್ತು.

ಆಗಿನ ನಕ್ಷೆಯನ್ನೂ ನೆನಪಿಸಿಕೊಳ್ಳಬೇಕು. ತುಂಗಭದ್ರೆಯ ಆಚೆ ದಡದ ಹರಿಹರ ಮೈಸೂರು ಸಂಸ್ಥಾನ. ಈಚೆಗೆ ಹಾನಗಲ್, ಶಿಗ್ಗಾಂವಿ, ಹಿರೇಕೆರೂರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆ. ನಡುವೆ ಸವಣೂರು ನವಾಬರದ್ದು. ಇಂದು ಹಾವೇರಿ ಜಿಲ್ಲೆಯ ಬೋರ್ಡು ಹೊತ್ತಿರೋ ನಾಲ್ಕು ಊರುಗಳಿಗೆ ಆಗ ಎರಡು ಸರ್ಕಾರ, ಲೇಥ್ ಬರುವ ಊರು ಮೂರನೆಯದರಲ್ಲಿ. ಅಂದಹಾಗೆ ಎಚ್‌ಎಂಟಿ ಅಂದ್ರೆ ಗಡಿಯಾರ ಮಾತ್ರ ಅಂದ್ಕೊಂಡಿರೋ ಬೆಂಗಳೂರಿನ ಗೆಳೆಯರಿಗೆ ಒಂದು ಮಾತು: ಹಿಂದೂಸ್ತಾನ್ ಮಷೀನ್ ಟೂಲ್ಸ್ 1953ರಲ್ಲಿ ಹುಟ್ಟಿದ್ದು ಲೇಥ್ ಮಾಡೋಕೆ, ಗಡಿಯಾರ ಬಂದದ್ದು 1961ರಲ್ಲಿ. ಹರಿಹರ ಅದಕ್ಕಿಂತಲೂ ಒಂದು ದಶಕ ಹಿರಿದು.

ಉಳಿದದ್ದು ನಾಲ್ಕನೆಯ ದೋಷ. ಇದು ಮಾತ್ರ ನಿಜವಾಗಿಯೂ ದೋಷವಾಗಿತ್ತು.

ಲೇಥಿನ ಹಿಂದಿನ ಗೋಡೆಗೆ ಸಾಲಾಗಿ ಮೊಳೆ ಹೊಡೆದು ಗೇರುಗಳನ್ನು ತೂಗುಹಾಕಿದ್ರು. 20, 25, 30, 40 ಹಲ್ಲು, ಹೀಗೆ. ಥ್ರೆಡ್ಡಿಗೆ ತಕ್ಕ ಹಾಗೆ ಇವುಗಳಲ್ಲಿ ಬೇಕಾದ್ದನ್ನು ತೆಗೆದು ಲೇಥಿನ ಎಡತುದಿಗೆ ಕೂರಿಸಬೇಕು. ಗೇರು ತೆಗೆದಾಗ ಗೋಡೆಯಲ್ಲಿ ಅದರದೇ ಅಳತೆಯ ಎಣ್ಣೆಯ ಉಂಗುರ ಕಾಣುತ್ತೆ. ಕೊನೆಯ ಮೊಳೆಯ ಸುತ್ತ ಎಲ್ಲಕ್ಕಿಂತ ದೊಡ್ಡ ಉಂಗುರ ಇತ್ತು. ಅಂಗೈ ಚಾಚಿದರೂ ಮುಚ್ಚದಷ್ಟು ಅಗಲ. ಗೇರು ಮಾತ್ರ ಇಲ್ಲ.

ಈ ಲೇಥು ಯೋಚನೆ ಮಾಡೋದು ಇಂಚಿನಲ್ಲಿ. ಹಿಡಿಕೆಗಳ ಮೇಲಿನ ಗೆರೆಗಳು ಥೌ, ಅಂದ್ರೆ ಇಂಚಿನ ಸಾವಿರದ ಒಂದು ಭಾಗ. ಲೀಡ್‌ಸ್ಕ್ರೂ ಇಂಚಿಗೆ 4 ಸುತ್ತು. ಡ್ರಾಯರಿನಲ್ಲಿ ಸಿಕ್ಕ ಟೂಲು ನೋಡುವ ಗೇಜು 55 ಡಿಗ್ರಿಯದು, 1841ರಲ್ಲಿ ಜೋಸೆಫ್ ವಿಟ್‌ವರ್ತ್ ಸೂಚಿಸಿದ ಕೋನ. ಸ್ಯಾಡಲ್ ಪಕ್ಕದಲ್ಲಿ ಬಣ್ಣ ಮುಚ್ಚಿದ ಒಂದು ಸಣ್ಣ ಗಡಿಯಾರವೂ ಇತ್ತು, ಅದರಲ್ಲಿ 1ರಿಂದ 4ರ ತನಕ ಮಾತ್ರ ಅಂಕಿ. ಥ್ರೆಡ್ ಒಂದೇ ಸಲಕ್ಕೆ ಬೀಳಲ್ಲ. ಹತ್ತಾರು ಸಲ ಅದೇ ದಾರಿಯಲ್ಲಿ ಟೂಲು ಓಡಿಸಬೇಕು. ಪ್ರತಿ ಸಲ ಸ್ಯಾಡಲನ್ನು ತಿರುಪಿನಿಂದ ಬಿಡಿಸಿ, ಹಿಂದಕ್ಕೆ ತಂದು, ಸರಿಯಾದ ಕ್ಷಣಕ್ಕೆ ಮತ್ತೆ ಸಿಕ್ಕಿಸಬೇಕು. ಆ ಕ್ಷಣ ಯಾವುದು ಅಂತ ಹೇಳೋದೇ ಈ ಗಡಿಯಾರ. ಅದರ ಅಂಕಿಯಿಂದ ಅಂಕಿಗೆ ಸ್ಯಾಡಲ್ ಸರಿಯಾಗಿ ಒಂದು ಇಂಚು ಹೋಗಿರುತ್ತೆ. ಇಂಚಿಗೆ 11 ಸುತ್ತಿನ ಪೈಪಿನ ಥ್ರೆಡ್ಡಿಗೆ ಯಾವ ಅಂಕಿಗೆ ಸಿಕ್ಕಿಸಿದರೂ ಟೂಲು ಹಳೆ ದಾರಿಗೇ ಬೀಳುತ್ತೆ. ಎರಡಿಂಚಿನ ನೀರಿನ ಪೈಪಿನ ಥ್ರೆಡ್ಡು ಇವತ್ತಿಗೂ ಇಂಚಿಗೆ 11 ಸುತ್ತೇ. ಅಪ್ಪನ ಲೇಥಿಗೆ ಹೊಲದ ಕೆಲಸ ಯಾವತ್ತೂ ಕಡಿಮೆ ಆಗದೇ ಇದ್ದದ್ದು ಅದಕ್ಕೇ.

ಆದ್ರೆ ಟ್ರ್ಯಾಕ್ಟರು, ಬೈಕು, ಹೊಸ ಮೋಟಾರು ಎಲ್ಲವೂ ಮಿಲಿಮೀಟರು. "ಎಂಎಂ ಕೆಲಸ ಬಂದ್ರ ಅಪ್ಪ ಸಣ್ಣದಕ್ಕ ಡೈ ಹಾಕ್ತಿದ್ದ, ದೊಡ್ಡದಿದ್ರ ಹುಬ್ಬಳ್ಳಿಗೆ ಕಳಸ್ತಿದ್ದ" ಅಂದ ಹುಡುಗ. ವರ್ಷದಿಂದ ವರ್ಷಕ್ಕೆ ಹುಬ್ಬಳ್ಳಿಗೆ ಹೋಗೋ ಕೆಲಸವೇ ಜಾಸ್ತಿ ಆಯ್ತು. ಲೇಥು ನಿಂತದ್ದು ಅಪ್ಪ ಹೋದ್ದಕ್ಕೆ ಮಾತ್ರ ಅಲ್ಲ.

ನಾನು ಆ ದೊಡ್ಡ ಉಂಗುರದ ಅಳತೆಯನ್ನು ದಾರದಲ್ಲಿ ಹಿಡಿದು ಅಂಗಡಿಯೆಲ್ಲ ಹುಡುಕಿದೆ. ಸಿಗಲಿಲ್ಲ. ಮೂಲೆಯ ಗಡಿಗೆಯಿಂದ ನೀರು ಕುಡಿಯೋಕೆ ಬಗ್ಗಿದಾಗ, ಗಡಿಗೆ ಅಲುಗದ ಹಾಗೆ ಕೆಳಗೆ ಸಿಂಬೆಯಂತೆ ಇಟ್ಟಿದ್ದು ಕಾಣಿಸ್ತು. ಒದ್ದೆಯಾಗಿ ತುಕ್ಕು ಹಿಡಿದ ಕಬ್ಬಿಣದ ಗಾಲಿ, ಅಂಚಿಗೆ ಹಲ್ಲು. "ಅದು ಅವ್ವ ಇಟ್ಟಿದ್ದು. ಸುಮ್ನ ಗ್ವಾಡಿಗೆ ತೂಗ್ತಿತ್ತು, ಯಾರೂ ಮುಟ್ತಿರಲಿಲ್ಲ." ಸೀಮೆಎಣ್ಣೆಯಲ್ಲಿ ತೊಳೆದು ಗೋಡೆಗೆ ಹಿಡಿದೆವು, ಉಂಗುರಕ್ಕೆ ಸರಿಯಾಗಿ ಕೂತಿತು. ಒಂದು ಹಲ್ಲಿಗೆ ಸೀಮೆಸುಣ್ಣ ಹಚ್ಚಿ ಎಣಿಸಿದ್ವಿ. ನೂರಾ ಇಪ್ಪತ್ತೇಳು. ಅವನು ಎಣಿಸಿದಾಗಲೂ ಅಷ್ಟೇ. ತುಕ್ಕು ಬಿಟ್ಟರೆ ಹಲ್ಲುಗಳ ಮೈಮೇಲೆ ಕೊರೆದಾಗಿನ ಗೆರೆಗಳು ಇನ್ನೂ ಹೊಸದಾಗಿದ್ದವು. ಒಂದು ಸಲವೂ ಬೇರೆ ಗೇರಿಗೆ ಕಚ್ಚಿದ್ದಲ್ಲ.

ಉಳಿದ ಗೇರುಗಳೆಲ್ಲ ಐದರ ಮಗ್ಗಿಯಲ್ಲಿ ಬರ್ತವೆ. 127 ಯಾವ ಮಗ್ಗಿಯಲ್ಲೂ ಬರಲ್ಲ, ಅದು ಅವಿಭಾಜ್ಯ ಸಂಖ್ಯೆ. ಇಂಥಾ ವಕ್ರ ಸಂಖ್ಯೆಯ ಹಲ್ಲು ಕೊರೆಯೋ ಕಷ್ಟ ಯಾರಾದರೂ ತಗೊಂಡಿದ್ದಾರೆ ಅಂದ್ರೆ ಕಾರಣ ಒಂದೇ. ಒಂದು ಇಂಚಿಗೆ 25.4 ಮಿಲಿಮೀಟರ್. ಐದು ಇಂಚಿಗೆ 127. ಇಂಚಿನ ಲೇಥು ಮಿಲಿಮೀಟರಿನಲ್ಲಿ ಮಾತಾಡಬೇಕಾದ್ರೆ ದುಭಾಷಿಯೊಬ್ಬ ಬೇಕು, ಆ ದುಭಾಷಿ ಈ ಗಾಲಿ. ಲೆಕ್ಕ ಬಹಳ ಸರಳ. ಲೀಡ್‌ಸ್ಕ್ರೂ ಒಂದು ಸುತ್ತಿಗೆ ಕಾಲು ಇಂಚು, ಅಂದ್ರೆ 6.35 ಮಿಲಿಮೀಟರ್ ಒಯ್ಯುತ್ತೆ. ನಮಗೆ ಬೇಕಾದ್ದು 2 ಮಿಲಿಮೀಟರ್. ಎರಡನ್ನು 6.35ರಿಂದ ಭಾಗಿಸಿದರೆ ಸರಿಯಾಗಿ 127ರಲ್ಲಿ 40. ಮೇಲೆ 40 ಹಲ್ಲಿನ ಗೇರು, ತಿರುಪಿನ ತುದಿಗೆ 127ರದು. ಒಂದೂವರೆ ಮಿಲಿಮೀಟರಿಗೆ 30, ಒಂದಕ್ಕೆ 20. ಆ ಗೇರುಗಳೆಲ್ಲ ಗೋಡೆಯ ಮೇಲೇ ಇದ್ದವು.

ಇದರ ಹಿಂದಿನ ಇತಿಹಾಸ ಇನ್ನೂ ಮಜಾ ಇದೆ. ಒಂದು ಕಾಲಕ್ಕೆ ಇಂಚು ಅನ್ನೋದು ಒಂದೇ ಆಗಿರಲಿಲ್ಲ. ಬ್ರಿಟನ್ನಿನ ಇಂಚು 25.4 ಮಿಲಿಮೀಟರಿಗಿಂತ ಕೂದಲಿನ ಕೂದಲಷ್ಟು ಕಡಿಮೆ, ಅಮೆರಿಕದ್ದು ಅಷ್ಟೇ ಸೂಕ್ಷ್ಮವಾಗಿ ಜಾಸ್ತಿ. ಸ್ವೀಡನ್ನಿನ ಯೋಹಾನ್ಸನ್ ಅನ್ನೋ ಮನುಷ್ಯ ಕಾರ್ಖಾನೆಗಳಿಗೆ ಅಳತೆಯ ಉಕ್ಕಿನ ಬಿಲ್ಲೆಗಳನ್ನು ಮಾಡಿ ಮಾರುವಾಗ ಎರಡಕ್ಕೂ ನಡುವೆ 25.4 ಅಂತ ಹಿಡಿದುಬಿಟ್ಟ. ಬಿಲ್ಲೆ ಕೊಂಡವರದ್ದೆಲ್ಲ ಅದೇ ಇಂಚಾಯ್ತು. ಕೈಗಾರಿಕೆಯ ಬಳಕೆಗೆ ಬ್ರಿಟನ್ 1930ರಲ್ಲಿ, ಅಮೆರಿಕ 1933ರಲ್ಲಿ ಅದನ್ನು ಒಪ್ಪಿದವು. ಆರು ದೇಶಗಳು ಕೂಡಿ ಅಧಿಕೃತ ಮಾಡಿದ್ದು 1959ರಲ್ಲಿ. ಅಷ್ಟರಲ್ಲಿ ನಾವು ಇಂಚನ್ನೇ ಬಿಡೋಕೆ ಹೊರಟಿದ್ವಿ. 1956ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆ ಬಂತು, 1957ರ ಏಪ್ರಿಲ್ 1ಕ್ಕೆ ನಯಾ ಪೈಸೆ, 1958ರ ಅಕ್ಟೋಬರ್ 1ರಿಂದ ಹಂತಹಂತವಾಗಿ ಕಿಲೋ ಮತ್ತು ಮೀಟರು. ಸಂತೆಯಲ್ಲಿ ಸೇರು ಹೋಗಿ ಕಿಲೋ ಬರೋಕೆ ಒಂದು ತಕ್ಕಡಿಕಲ್ಲು ಬದಲಾದರೆ ಸಾಕಿತ್ತು. ಲೇಥಿನ ಹೊಟ್ಟೆಯೊಳಗಿನ ತಿರುಪನ್ನು ಹಾಗೆ ಬದಲಿಸೋಕೆ ಆಗಲ್ಲ. ಒಂದು ಗಾಲಿ ಜೊತೆಗಿದ್ರೆ ಅದೇ ತಿರುಪು ಎರಡೂ ಭಾಷೆ ಆಡುತ್ತೆ. ಗಾಲಿ ಯಾಕೆ ಅಂತ ಹೇಳುವ ಹಾಳೆ ಮಾತ್ರ ಅದರ ಜೊತೆ ಈ ಅಂಗಡಿಗೆ ಬಂದಿರಲಿಲ್ಲ.

ಮರುದಿನ ಬೆಳಿಗ್ಗೆ ಒಂದು ಕೆಲಸ ಅಂಗಡಿಗೇ ಬಂತು. ಟ್ರ್ಯಾಕ್ಟರ್ ಟ್ರಾಲಿಯ ಉದ್ದನೆಯ ಪಿನ್ನು, ತುದಿಗೆ ಎಂ16 ಥ್ರೆಡ್ ಬೇಕು. ಎಂ16 ಅಂದ್ರೆ ಸುತ್ತಿಗೆ 2 ಮಿಲಿಮೀಟರ್. ಟೂಲನ್ನು 60 ಡಿಗ್ರಿಗೆ ಸಾಣೆ ಹಿಡಿದ್ವಿ, 55ರ ಹಳೆ ಗೇಜು ಇಲ್ಲಿ ಬರಲ್ಲ. ಮೇಲೆ 40, ಕೆಳಗೆ 127, ನಡುವೆ ಕೈಗೆ ಸಿಕ್ಕಿದ ಒಂದು ಗೇರು. ನಡುವಿನದಕ್ಕೆ ಎಷ್ಟು ಹಲ್ಲಿದ್ರೂ ಲೆಕ್ಕ ಬದಲಾಗಲ್ಲ. ಮಿಲಿಮೀಟರಿನ ಥ್ರೆಡ್ಡಿಗೆ ಆ ಸಣ್ಣ ಗಡಿಯಾರ ಸುಳ್ಳು ಹೇಳುತ್ತೆ. ಹಾಗಾಗಿ ಸ್ಯಾಡಲನ್ನು ತಿರುಪಿನಿಂದ ಬಿಡಿಸಲೇಬಾರದು, ಪ್ರತಿ ಸಲ ಟೂಲು ಹೊರಗೆಳೆದು ಮೋಟಾರನ್ನೇ ಉಲ್ಟಾ ತಿರುಗಿಸಿ ಹಿಂದೆ ಬರಬೇಕು. ಹುಡುಗನಿಗೆ ಇದು ಎರಡನೇ ಸುತ್ತಿಗೇ ಹಿಡಿಸ್ತು. ಹನ್ನೆರಡು ಸಲ ಓಡಾಡಿ ಮುಗಿಸಿದ. ಎದುರಿನ ಹಾರ್ಡ್‌ವೇರ್ ಅಂಗಡಿಯಿಂದ ತಂದ ನಟ್ಟು ಎರಡು ಬೆರಳಿನಲ್ಲೇ ಕೊನೆಯವರೆಗೆ ಹೋಯ್ತು.

ಆಗ ಅವನ ಫೋನು ಬಂತು, ಮಷೀನು ಕೊಳ್ಳೋಕೆ ಬಂದಿದ್ದವನದೇ. ಎತ್ತಲಿಲ್ಲ. "ಅವ್ವಾ, ಗಡಿಗಿಗೆ ಬ್ಯಾರೆ ಸಿಂಬಿ ನೋಡ" ಅಂತ ಒಳಗೆ ಕೂಗಿ, ನಟ್ಟನ್ನು ಬಿಚ್ಚಿ ಮತ್ತೊಮ್ಮೆ ಹಾಕಿ ನೋಡಿದ.